ಸಾಹಸಿಗರಿಗೆ ಲಿಫ್ಟ್ ಸೌಲಭ್ಯವಿದೆ

ಭೂಗರ್ಭದ ಸಾಹಸಕ್ಕೆ ಸಿದ್ಧರಾದವರು ಇಂದು ಮುಖ್ಯವಾಗಿ ಅಭ್ಯಾಸ ಮಾಡಬೇಕಾದದ್ದು ಸರದಿಯಲ್ಲಿ ನಿಲ್ಲುವುದನ್ನು. ಉಳಿದ ಕಷ್ಟಗಳನ್ನೆಲ್ಲ ಆಡಳಿತದವರು ಎಂದೋ ನಿವಾರಿಸಿದ್ದಾರೆ. ಸ್ಲೊವೇನಿಯದ ಪೋಸ್ತೊಯ್ನಾ ಗುಹೆಯಲ್ಲಿ 1872ರಲ್ಲೇ ಹಳಿ ಹಾಕಲಾಯಿತು. ಆಗ ಎಂಜಿನ್ ಇರಲಿಲ್ಲವಾದ್ದರಿಂದ ಸಾಹಸಿಗರು ಗಾಡಿಯಲ್ಲಿ ಕುಳಿತರು, ಮಾರ್ಗದರ್ಶಿಗಳು ಹಿಂದಿನಿಂದ ತಳ್ಳಿದರು. ಅಮೆರಿಕದ ಕಾರ್ಲ್ಸ್‌ಬ್ಯಾಡ್ ರಾಷ್ಟ್ರೀಯ ಉದ್ಯಾನದ ಗುಹೆಯಲ್ಲಿ ಲಿಫ್ಟ್ ಸುಮಾರು 230 ಮೀಟರ್ ಆಳಕ್ಕೆ ಇಳಿಸುತ್ತದೆ, ಇಳಿದವರ ಹಸಿವಿಗೆಂದು ಅಲ್ಲಿಯೇ ಉಪಾಹಾರದ ಅಂಗಡಿಯೂ ಇದೆ. ಆ ಅಂಗಡಿಯ ಆಚೆಗೆ ಮಾತ್ರ ನೀರನ್ನು ಬಿಟ್ಟು ಬೇರೇನನ್ನೂ ತಿನ್ನಕೂಡದು, ಕುಡಿಯಕೂಡದು. 2024ರಲ್ಲಿ ಯಾರೋ ಬೀಳಿಸಿ ಹೋದ ಜೋಳದ ಕುರುಕಲಿನ ಒಂದು ಪೊಟ್ಟಣ ಒಳಗಿನ ತೇವಕ್ಕೆ ಮೆತ್ತಗಾಗಿ ಬೂಷ್ಟು ಬೆಳೆಸಿತೆಂದು ಉದ್ಯಾನದವರು ಮರುಗಿದರು. ಮರುಕ ನ್ಯಾಯವಾದದ್ದೇ; ಲಿಫ್ಟು, ಅಂಗಡಿಗಳ ವಿಷಯದಲ್ಲಿ ಅದೇಕೆ ಹುಟ್ಟಲಿಲ್ಲವೆಂದು ಕೇಳುವುದು ಸಭ್ಯತೆಯಲ್ಲ.

ಕತ್ತಲೆಯದಂತೂ ಇನ್ನೂ ಸೊಗಸು. ಲಕ್ಷಾಂತರ ವರ್ಷ ಬೆಳಕನ್ನೇ ಕಾಣದ ಗುಹೆಗೆ ಸಾಲುದೀಪ ಹಾಕಿಸಿ, ಅವುಗಳ ಬುಡದಲ್ಲಿ ಹಸಿರು ಪಾಚಿ ಬೆಳೆದಾಗ ಬ್ಲೀಚ್ ಸಿಂಪಡಿಸಿ ಅದನ್ನು ಕೊಂದು, ಕೊನೆಗೆ ಪ್ರವಾಸಿಗರನ್ನೆಲ್ಲ ಒಂದೆಡೆ ನಿಲ್ಲಿಸಿ, "ಈಗ ನಿಮಗೆ ನಿಜವಾದ ಕತ್ತಲೆಯನ್ನು ತೋರಿಸುತ್ತೇವೆ" ಎಂದು ಮಾರ್ಗದರ್ಶಿ ಗಂಭೀರವಾಗಿ ಸ್ವಿಚ್ ಆರಿಸುತ್ತಾನೆ. ಅರ್ಧ ನಿಮಿಷ ತುಂಬುವ ಮೊದಲೇ ಯಾರೋ ಅದರ ಫೋಟೊ ತೆಗೆಯಲು ಮೊಬೈಲ್ ಬೆಳಗಿಸುತ್ತಾರೆ.

ಆದರೆ ಈ ಉದ್ಯಮದ ಶಿಖರವಿರುವುದು ಫ್ರಾನ್ಸಿನಲ್ಲಿ. 1940ರಲ್ಲಿ ಪತ್ತೆಯಾದ ಲಾಸ್ಕೋ ಗುಹೆಯ ಆದಿಮಾನವರ ಚಿತ್ರಗಳು ಸಾವಿರಾರು ವರ್ಷ ಕ್ಷೇಮವಾಗಿದ್ದವು. 1948ರಲ್ಲಿ ಅಭಿಮಾನಿಗಳಿಗೆ ಬಾಗಿಲು ತೆರೆದದ್ದೇ ತಡ, ಅವರ ಉಸಿರಿನ ಇಂಗಾಲದ ಡೈಆಕ್ಸೈಡು, ತೇವ, ದೀಪಗಳ ಬೆಳಕು ಎಲ್ಲ ಸೇರಿ ಗೋಡೆಗೆ ಪಾಚಿ ಹಿಡಿಸಿದವು. 1963ರಲ್ಲಿ ಬೀಗ ಬಿತ್ತು. ಆಮೇಲೆ ನಕಲುಗಳ ಸುಗ್ಗಿ. ಮೊದಲನೆಯದು 1983ರಲ್ಲಿ ಗುಹೆಯ ಮಗ್ಗುಲಲ್ಲೇ ತೆರೆಯಿತು. 2012ರ ಇನ್ನೊಂದು ತಾನೇ ದೇಶವಿದೇಶಗಳ ಪ್ರವಾಸ ಹೊರಟಿತು. ಅವೂ ಸಾಲದೆಂದು 2016ರಲ್ಲಿ ಮತ್ತೊಂದು ಬಂತು. 1994ರಲ್ಲಿ ಅಂಥದೇ ಚಿತ್ರಗಳಿರುವ ಶೋವೆ ಗುಹೆ ಸಿಗುವಷ್ಟರಲ್ಲಿ ಸರ್ಕಾರಕ್ಕೆ ಬುದ್ಧಿ ಬಂದಿತ್ತು. ಅಸಲಿಯನ್ನು ಸಾರ್ವಜನಿಕರಿಗೆ ತೆರೆಯುವ ಗೋಜಿಗೇ ಹೋಗದೆ, 2015ರಲ್ಲಿ ನೇರವಾಗಿ ನಕಲಿಯನ್ನೇ ಉದ್ಘಾಟಿಸಲಾಯಿತು. ಅಲ್ಲಿಂದ ಹೊರಬರುವವರು ಕಾಂಕ್ರೀಟಿನ ಬಂಡೆಗಳ ಪ್ರಾಚೀನತೆಯನ್ನು ಮೆಚ್ಚಿಕೊಳ್ಳುತ್ತ, ಬಟ್ಟೆಗೆ ಒಂದಿಷ್ಟೂ ಕೆಸರಾಗಲಿಲ್ಲವೆಂಬ ತೃಪ್ತಿಯಿಂದ ಬಸ್ಸು ಹತ್ತುತ್ತಾರೆ.