ಬೆಳಿಗ್ಗೆ ಎಷ್ಟು ಹೊತ್ತು ಸೊಂಟ ಹಿಡಿದಿರುತ್ತೆ ಅಂತ ಯಾರೂ ಕೇಳಲಿಲ್ಲ

ಬೆಳಗಿನ ಜಾವ ನಾಲ್ಕಕ್ಕೆ ನೋವೇ ನನ್ನನ್ನು ಎಬ್ಬಿಸುತ್ತಿತ್ತು. ಮಗ್ಗುಲು ಬದಲಿಸಬೇಕು ಅಂದರೆ ಮಂಚದ ಅಂಚು ಹಿಡಿದು ಮೊದಲು ಮಂಡಿ, ಆಮೇಲೆ ಸೊಂಟ, ಕೊನೆಗೆ ಹೆಗಲು, ಹೀಗೆ ಒಂದೊಂದಾಗಿ ಹೊರಳಿಸಬೇಕಿತ್ತು. ಪಕ್ಕದಲ್ಲಿ ಒಂದೂವರೆ ವರ್ಷದ ಮಗಳು ಅತ್ತರೆ ಎದ್ದು ಎತ್ತಿಕೊಳ್ಳೋಕೆ ಆಗುತ್ತಿರಲಿಲ್ಲ, ಮಲಗಿದ್ದಲ್ಲೇ ಕೈ ಚಾಚಿ ತಟ್ಟುತ್ತಿದ್ದೆ. ಬಚ್ಚಲುಮನೆ ತನಕ ಗೋಡೆ ಹಿಡಿದುಕೊಂಡು ಹೋಗಬೇಕು. ಹಲ್ಲುಜ್ಜಿ ಉಗುಳೋಕೆ ಬಗ್ಗಲಾಗದೆ ಬೇಸಿನ್ನಿನ ಎರಡೂ ಕಡೆ ಕೈ ಊರಿ ನಿಲ್ಲುತ್ತಿದ್ದೆ. ಕಸ ಗುಡಿಸಿ, ನೀರು ಹಿಡಿದು, ತಿಂಡಿಗೆ ಇಡುವಷ್ಟರಲ್ಲಿ ಮೈ ಸಡಿಲವಾಗೋದು. ಒಂಬತ್ತಕ್ಕೆ ಶಾಲೆಗೆ ಹೊರಟಾಗ ನೋಡಿದವರಿಗೆ ಇವಳಿಗೇನಾಗಿದೆ ಅನ್ನಿಸಬೇಕು, ಹಾಗಿರುತ್ತಿದ್ದೆ.

ಒಂದು ದಿನ ನಮ್ಮತ್ತೆ ಅಂದರು: "ಅಲ್ಲ ಕಣಮ್ಮಾ, ಮಲಗಿದ್ರೆ ನೋವು ಅಂತೀಯ, ಕೆಲಸ ಮಾಡ್ತಾ ಇದ್ರೆ ಚೆನ್ನಾಗೇ ಇರ್ತೀಯ. ಇದೆಂಥಾ ನೋವು?" ಚುಚ್ಚಿ ಮಾತಾಡುವವರಲ್ಲ ಅವರು. ನಿಜಕ್ಕೂ ಅರ್ಥವಾಗದೆ ಕೇಳಿದ್ದರು. ನನಗೂ ಉತ್ತರ ಗೊತ್ತಿರಲಿಲ್ಲ. ಅದೇ ರೋಗದ ಗುರುತು ಅಂತ ತಿಳಿಯೋಕೆ ಆರು ವರ್ಷ ಹಿಡಿಯಿತು.

2015ರಲ್ಲಿ ಶುರುವಾದದ್ದು, ಆಗ ನನಗೆ 28. ಮೊದಲು ತೋರಿಸಿದವರು, "ಡೆಲಿವರಿ ಟೈಮಲ್ಲಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ರಾ?" ಅಂದರು. ಹೌದು ಸಾರ್, ಸಿಸೇರಿಯನ್ ಆಗಿತ್ತು ಅಂದೆ. "ಹಂಗಾದ್ರೆ ಅದೇ." ಅಲ್ಲಿಗೆ ಮುಗಿಯಿತು. ಆ ಇಂಜೆಕ್ಷನ್ನಿಂದ ವರ್ಷಗಟ್ಟಲೆ ಬೆನ್ನುನೋವು ಬರುತ್ತೆ ಅನ್ನೋದಕ್ಕೆ ಆಧಾರವಿಲ್ಲ ಅಂತ ಎಷ್ಟೋ ಆದ ಮೇಲೆ ತಿಳಿಯಿತು. ಎರಡನೆಯವರು ಎಕ್ಸ್‌ರೇ ನೋಡಿ "ಎಲ್ಲಾ ನಾರ್ಮಲ್" ಅಂದು ಕ್ಯಾಲ್ಸಿಯಂ, ವಿಟಮಿನ್ ಡಿ ಬರೆದರು. ಮೂರನೆಯವರು ಮೂಳೆ ಡಾಕ್ಟರು: ಬೆಲ್ಟ್ ಹಾಕ್ಕೊಳ್ಳಿ, ಬಗ್ಗಬೇಡಿ, ಮೂರು ವಾರ ಹಾಸಿಗೆ ಬಿಟ್ಟು ಏಳಬೇಡಿ. ಆ ಮೂರು ವಾರದಂಥ ನರಕವನ್ನ ನಾನು ಮತ್ತೆ ಕಂಡಿಲ್ಲ. ಮಲಗಿದಷ್ಟೂ ಮೈ ಸೆಟೆದುಕೊಂಡಿತು. ಹೋಗಿ ಹೇಳಿದರೆ, "ಸರಿಯಾಗಿ ರೆಸ್ಟ್ ತಗೊಂಡಿಲ್ಲ ಇವರು" ಅಂದರು. ಅದನ್ನೂ ನನ್ನ ಮುಖ ನೋಡಿ ಹೇಳಲಿಲ್ಲ, ನನ್ನ ಯಜಮಾನರಿಗೆ ಹೇಳಿದರು. ಸೊಂಟ ನನ್ನದು, ಪ್ರಶ್ನೆ ಅವರಿಗೆ! ರಾತ್ರಿ ನಿದ್ದೆ ಮಾಡ್ತಾರಾ, ಮನೇಲಿ ಏನಾದರೂ ಟೆನ್ಷನ್ ಇದೆಯಾ ಅಂತ. ಅಷ್ಟಾದ ಮೇಲೆ ನಿದ್ದೆ ಮಾತ್ರೆ ಬಂತು, "ಮನಸ್ಸಿಗೆ ಜಾಸ್ತಿ ಹಚ್ಚಿಕೊಳ್ತೀರ" ಅನ್ನುವ ಮಾತೂ ಬಂತು.

ಆ ಮಾತು ಒಂದು ಸಲ ಬಂದರೆ ಸಾಕು, ಮುಂದೆ ನಾವು ಹೇಳುವುದೆಲ್ಲ ಅದರ ಲೆಕ್ಕಕ್ಕೇ ಹೋಗುತ್ತೆ. ಅತ್ತರೆ ಮನಸ್ಸಿನ ಕಾಯಿಲೆ, ಅಳದೆ ಸಮಾಧಾನವಾಗಿ ಹೇಳಿದರೆ ನೋವು ಅಷ್ಟೇನಿಲ್ಲ. ಕೊನೆಕೊನೆಗೆ ನನಗೇ ಅನುಮಾನ ಬಂದಿತ್ತು. ರಾತ್ರಿ ಎಲ್ಲರೂ ಮಲಗಿದ ಮೇಲೆ, ನಿಜವಾಗಿ ನೋಯ್ತಾ ಇದೆಯಾ ಅಂತ ನನ್ನ ಸೊಂಟವನ್ನ ನಾನೇ ಒತ್ತಿ ನೋಡಿಕೊಂಡಿದ್ದೇನೆ.

2021ರಲ್ಲಿ ಬಲಗಣ್ಣು ಕೆಂಪಗಾಯಿತು. ಮದ್ರಾಸ್ ಐ ಇರಬೇಕು ಅಂದುಕೊಂಡೆ. ಆದರೆ ಪಿಚ್ಚು ಇಲ್ಲ, ಒಳಗೆ ಕೊರೆಯುವ ನೋವು, ಕಿಟಕಿಯ ಬೆಳಕನ್ನೂ ತಡೆಯೋಕಾಗದು. ಕಣ್ಣಿನ ಡಾಕ್ಟರಮ್ಮ ಮಷಿನ್ನಿನಲ್ಲಿ ನೋಡಿ, ಕುರ್ಚಿ ಹಿಂದಕ್ಕೆ ಎಳೆದುಕೊಂಡು ಕೇಳಿದರು: "ನಿಮಗೆ ಬೆನ್ನುನೋವು ಇದೆಯಾ? ಬೆಳಿಗ್ಗೆ ಎದ್ದಾಗ ಎಷ್ಟು ಹೊತ್ತು ಸೊಂಟ ಹಿಡಿದಿರುತ್ತೆ? ಓಡಾಡಿದ ಮೇಲೆ ಕಡಿಮೆ ಆಗುತ್ತಾ?"

ನನಗೆ ಗಂಟಲು ಕಟ್ಟಿತು. ಆರು ವರ್ಷದಲ್ಲಿ ಎಷ್ಟು ಜನರ ಮುಂದೆ ಕೂತಿದ್ದೆ, ಈ ಮೂರು ಪ್ರಶ್ನೆಯನ್ನ ಒಬ್ಬರೂ ಕೇಳಿರಲಿಲ್ಲ.

ರೋಗದ ಹೆಸರು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ನಮ್ಮ ರೋಗನಿರೋಧಕ ಶಕ್ತಿಯೇ ನಮ್ಮ ಮೇಲೆ ತಿರುಗಿ ಬಿದ್ದು, ಬೆನ್ನುಮೂಳೆ ಸೊಂಟಕ್ಕೆ ಸೇರುವ ಕೀಲುಗಳಲ್ಲಿ ಉರಿಯೂತ ಆಗುತ್ತೆ. ಮಾಮೂಲಿ ಬೆನ್ನುನೋವಿಗೆ ಇದು ಪೂರ್ತಿ ಉಲ್ಟಾ. ವಿಶ್ರಾಂತಿಯಲ್ಲಿ ಜಾಸ್ತಿಯಾಗುತ್ತೆ, ಓಡಾಡಿದರೆ ಕಡಿಮೆಯಾಗುತ್ತೆ. ಹೆಚ್ಚಾಗಿ ಶುರುವಾಗೋದು 45 ವರ್ಷದ ಒಳಗೆ. ಎಕ್ಸ್‌ರೇಯಲ್ಲಿ ವರ್ಷಗಟ್ಟಲೆ ಏನೂ ಕಾಣದೆ ಇರಬಹುದು, ಉರಿಯೂತ ಇದೆಯಾ ಅಂತ ನೋಡುವ ಇಎಸ್‌ಆರ್, ಸಿಆರ್‌ಪಿ ಅನ್ನುವ ರಕ್ತಪರೀಕ್ಷೆಗಳು ಕೂಡ ಸರಿಯಾಗೇ ಇರಬಹುದು. ಎಚ್‌ಎಲ್‌ಎ-ಬಿ27 ಅನ್ನುವ ಜೀನ್‌ಗೂ ಇದಕ್ಕೂ ನಂಟಿದೆ ಅಂತ ಗೊತ್ತಾಗಿದ್ದು 1973ರಲ್ಲಿ, ಆದರೆ ಆ ಜೀನ್ ಇದ್ದವರಿಗೆಲ್ಲ ರೋಗ ಬರೋದಿಲ್ಲ. ಇದು ಗಂಡಸರ ಕಾಯಿಲೆ ಅಂತ ಬಹಳ ಕಾಲ ನಂಬಿದ್ದರಿಂದ ಹೆಂಗಸರಲ್ಲಿ ಹುಡುಕುವವರೇ ಕಡಿಮೆ. ನನ್ನ ಕಣ್ಣಿಗೆ ಬಂದದ್ದು ಯುವಿಯೈಟಿಸ್, ಅಂದರೆ ಕಣ್ಣಿನ ಒಳಗಿನ ಉರಿಯೂತ, ಅದೂ ಇದರ ಜೊತೆಗೇ ಬರುವಂಥದ್ದು.

ಇದನ್ನೆಲ್ಲ ವಿವರವಾಗಿ ಯಾಕೆ ಬರೆಯುತ್ತಿದ್ದೇನೆ ಅಂದರೆ, ನನ್ನ ಸಿಟ್ಟು ಎಲ್ಲಿದೆ ಅಂತ ಸರಿಯಾಗಿ ಹೇಳಬೇಕು. ಡಾಕ್ಟರು ಪ್ರೀತಿಯಿಂದ ಮಾತಾಡಲಿಲ್ಲ, ತಲೆ ಸವರಲಿಲ್ಲ ಅನ್ನುವ ದೂರು ನನ್ನದಲ್ಲ. ನನ್ನ ಮಾತಿನಲ್ಲೇ ರೋಗದ ಸುಳಿವು ಪೂರ್ತಿ ಇತ್ತು. ಕೇಳಿಸಿಕೊಳ್ಳೋದನ್ನ ಉಪಚಾರ ಅಂತ ತಿಳಿದಿದ್ದಾರೆ, ಸಮಯ ಮಿಕ್ಕರೆ ಮಾಡುವಂಥದ್ದು ಅಂತ. ನನ್ನಂಥವರಿಗೆ ಅದೇ ಮೊದಲ ತಪಾಸಣೆ. ಸ್ಕ್ಯಾನಿಂಗಿಗೆ ಸಾವಿರಾರು ರೂಪಾಯಿ ಕೊಟ್ಟೆ, ಅವರು ಮಾಡಿಸಿದ್ದು ನಡುಬೆನ್ನಿನದು. ತೊಂದರೆ ಇದ್ದದ್ದು ಅದರ ಕೆಳಗಿನ ಕೀಲಲ್ಲಿ. ನಾನು ಕೈಯಿಟ್ಟು ತೋರಿಸಿದ್ದೂ ಅಲ್ಲೇ.

ಅವರ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಹೊರಗೆ ಬೆಂಚು ತುಂಬ ಜನ, ಕಾಂಪೌಂಡರ್ ಬಾಗಿಲು ತೆಗೆದು ಮುಂದಿನವರನ್ನ ನಿಲ್ಲಿಸಿರುತ್ತಾನೆ. 67 ದೇಶಗಳ ಲೆಕ್ಕ ತೆಗೆದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ನಮ್ಮ ದೇಶದಲ್ಲಿ ಡಾಕ್ಟರು ಒಬ್ಬ ರೋಗಿಗೆ ಕೊಡುವ ಸಮಯ ಸುಮಾರು 2 ನಿಮಿಷ ಅಂತಿತ್ತು. ಒಪ್ಪುತ್ತೇನೆ. ಆದರೆ ಆ ಮೂರು ಪ್ರಶ್ನೆಗೆ ಅರ್ಧ ನಿಮಿಷವೂ ಬೇಡ. "ನನಗೆ ಗೊತ್ತಾಗ್ತಿಲ್ಲಮ್ಮ, ಇನ್ನೊಬ್ಬರಿಗೆ ತೋರಿಸಿ" ಅನ್ನೋಕೆ ಐದು ಸೆಕೆಂಡು ಸಾಕು. "ಏನೂ ಇಲ್ಲ" ಅಂತ ಯಾಕೆ ಹೇಳಬೇಕು? ಗೊತ್ತಾಗದೆ ಇರೋದಕ್ಕೂ ಇಲ್ಲದೆ ಇರೋದಕ್ಕೂ ವ್ಯತ್ಯಾಸ ಇಲ್ಲವಾ? ನೋವಿನ ಅಧ್ಯಯನಕ್ಕೆಂದೇ ಇರುವ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನ ತಿದ್ದಿದಾಗ, ಒಬ್ಬರು ನೋವಿದೆ ಅಂದರೆ ಆ ಮಾತನ್ನ ಗೌರವಿಸಬೇಕು ಅಂತ ಬರೆದೇ ಇಟ್ಟಿದೆ. ನಮ್ಮೂರಿನ ಕ್ಲಿನಿಕ್ಕಿಗೆ ಅದು ತಲುಪೋದು ಯಾವಾಗ?

ಬೆಂಗಳೂರಿನಲ್ಲಿ ರುಮಟಾಲಜಿಸ್ಟ್, ಅಂದರೆ ಇಂಥ ಕೀಲಿನ ಉರಿಯೂತ ನೋಡುವ ಡಾಕ್ಟರು, ಎಂಆರ್‌ಐ ನೋಡಿದಾಗ ಎಡಗಡೆಯ ಕೀಲು ಅಲ್ಲಲ್ಲಿ ಕೂಡಿಕೊಂಡಿತ್ತು. ಕೂಡಿದ ಮೂಳೆ ಮತ್ತೆ ಬಿಡೋದಿಲ್ಲ. ಈಗ ಮಾತ್ರೆ ಇದೆ, ದಿನಾ ಮುಕ್ಕಾಲು ಗಂಟೆ ವ್ಯಾಯಾಮ ಇದೆ, ನಾಲ್ಕಕ್ಕೆ ಎಚ್ಚರವಾಗೋದು ತಪ್ಪಿದೆ. ಅತ್ತೆಗೆ ವಿಷಯ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಅವತ್ತೇ ಅಂದಿದ್ನಲ್ಲಮ್ಮಾ" ಅಂದು ನನ್ನ ಕೈ ಹಿಡಿದುಕೊಂಡರು.

ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಅಕ್ಕನ ಮಗನಿಗೆ 22 ವರ್ಷ, ಗ್ಯಾರೇಜಿನಲ್ಲಿ ಕೆಲಸ. ಎಂಟು ತಿಂಗಳಿಂದ ಸೊಂಟನೋವು. ಬೈಕ್ ಜಾಸ್ತಿ ಓಡಿಸ್ತೀಯ, ಅದಕ್ಕೇ ಅಂದಿದ್ದಾರಂತೆ. ಬೆಳಿಗ್ಗೆ ಹೇಗಿರುತ್ತಪ್ಪಾ ಅಂತ ಕೇಳಿದೆ. "ಒಂದು ಗಂಟೆ ಅಲ್ಲಾಡಕ್ಕೇ ಆಗಲ್ಲ ಮಿಸ್, ಆಮೇಲೆ ಸರಿಹೋಗುತ್ತೆ" ಅಂದ. ಗುರುವಾರ ಬೆಂಗಳೂರಿಗೆ ಕರೆದುಕೊಂಡು ಹೋಗುತ್ತಿದ್ದಾರೆ. ಒಳಗೆ ಹೋದ ತಕ್ಷಣ ಡಾಕ್ಟರ ಕೈಗೆ ಕೊಡು ಅಂತ ಇದನ್ನೇ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಿದ್ದೇನೆ.