ಸತ್ಯಾಂಶ: ಹಳೆಯ ಜೀಪುಗಳ ಆಕ್ಸಲ್ ಒಂದರದು ಇನ್ನೊಂದಕ್ಕೆ ಆಗುತ್ತದೆಯೇ?

‘ಹಳೆಯ ವಿಲ್ಲಿಸ್ ಮಾದರಿಯ ಜೀಪುಗಳ ಭಾಗಗಳೆಲ್ಲ ಒಂದೇ, ಗುಜರಿಯಲ್ಲಿ ಸಿಕ್ಕ ಯಾವ ಆಕ್ಸಲ್ ಬೇಕಾದರೂ ಹಾಕಿಸಿ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದು ಅರ್ಧಸತ್ಯ.

ಟಿ-90 ಗೇರ್‌ಬಾಕ್ಸ್, ಎಂಜಿನ್ ಶಕ್ತಿಯನ್ನು ಮುಂದಿನ-ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸ್ ಹಲವು ಮಾದರಿಗಳಲ್ಲಿ ದಶಕಗಳ ಕಾಲ ಬಂದದ್ದು ನಿಜ. ಆದರೆ ಅದೇ ಸ್ಪೈಸರ್ 18ರ ಒಳಗಿನ ಮಧ್ಯದ ಶಾಫ್ಟ್ ಕಾಲಕ್ರಮೇಣ ಮುಕ್ಕಾಲು ಇಂಚಿನಿಂದ ಒಂದೂಕಾಲು ಇಂಚಿನವರೆಗೆ ದಪ್ಪವಾಯಿತು. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ.

ನಿಜವಾದ ತೊಂದರೆ ಇರುವುದು ಆಕ್ಸಲ್ ನಡುವೆ ಕೂತು ಚಕ್ರಗಳನ್ನು ತಿರುಗಿಸುವ ಗೇರುಗಳಾದ ಡಿಫರೆನ್ಷಿಯಲ್‌ನಲ್ಲಿ. ಎರಡನೇ ಮಹಾಯುದ್ಧ ಕಾಲದ ಎಂಬಿ ಜೀಪಿನ ಕ್ರೌನ್‌ಗೆ (ದೊಡ್ಡ ಗೇರು) 39 ಹಲ್ಲು, ಅದನ್ನು ತಿರುಗಿಸುವ ಪಿನಿಯನ್‌ಗೆ (ಚಿಕ್ಕ ಗೇರು) 8, ಅನುಪಾತ 4.88; ಅಂದರೆ ಚಕ್ರ ಒಂದು ಸುತ್ತು ತಿರುಗಲು ಪಿನಿಯನ್ 4.88 ಸುತ್ತು ತಿರುಗಬೇಕು. ನಂತರ ಬಂದ ನಾಗರಿಕ ಬಳಕೆಯ ಸಿಜೆ-2ಎ ಜೀಪಿನಲ್ಲಿ 43ಕ್ಕೆ 8, ಅಂದರೆ 5.38. ಮುಂದೆ ಒಂದು, ಹಿಂದೆ ಇನ್ನೊಂದು ಕೂರಿಸಿ ಫೋರ್ ವೀಲ್ (ನಾಲ್ಕೂ ಚಕ್ರಗಳಿಗೆ ಎಂಜಿನ್ ಶಕ್ತಿ) ಹಾಕಿದರೆ, 100 ಮೀಟರಿಗೆ ಒಂದು ಆಕ್ಸಲ್ ಇನ್ನೊಂದಕ್ಕಿಂತ ಸುಮಾರು 10 ಮೀಟರ್ ಹೆಚ್ಚು ಉರುಳಲು ಎಳೆದಾಡುತ್ತದೆ. ಕೆಸರಿನಲ್ಲಿ ಚಕ್ರ ಜಾರಿ ಹೇಗೋ ಸಾಗೀತು. ಡಾಂಬರಿನ ಮೇಲೆ ಆ ಒತ್ತಡವೆಲ್ಲ ಜಾಯಿಂಟು, ಗೇರುಗಳ ಮೇಲೆಯೇ. ಟೂ ವೀಲ್‌ನಲ್ಲಿ ಓಡಿಸುವಾಗ ಏನೂ ತಿಳಿಯದ ಕಾರಣ ‘ಸರಿಯಾಗಿ ಕೂತಿದೆ’ ಎಂದು ನಂಬಿಬಿಡುತ್ತಾರೆ.

ಡೇನಾ 44 ಆಕ್ಸಲ್‌ನಲ್ಲೂ ಶಾಫ್ಟಿನ ಸ್ಪ್ಲೈನ್ (ತುದಿಯಲ್ಲಿ ಕೊರೆದ ಹಲ್ಲು) ಸಂಖ್ಯೆ 10, 19, 30 ಎಂದು ಬದಲಾಗಿದೆ. ಹೆಸರು ಕೇಳಿ ಕೊಳ್ಳಬೇಡಿ, ಎಣಿಸಿ ಕೊಳ್ಳಿ. ಅನುಪಾತ ತಿಳಿಯಲು ಗಾಡಿ ಉರುಳದಂತೆ ಅಡ್ಡಗಲ್ಲು ಕೊಟ್ಟು, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹಿಂದಿನ ಎರಡೂ ಚಕ್ರಗಳನ್ನು ಸ್ಟ್ಯಾಂಡ್ ಮೇಲೆ ಎತ್ತಿ ನಿಲ್ಲಿಸಿ. ಹಿಂದಿನ ಆಕ್ಸಲ್‌ಗೆ ಹೋಗುವ ಉದ್ದದ ಪ್ರೊಪೆಲ್ಲರ್ ಶಾಫ್ಟಿಗೆ ಸೀಮೆಸುಣ್ಣದ ಗುರುತು ಹಾಕಿ ಎರಡೂ ಚಕ್ರಗಳನ್ನು ಒಟ್ಟಿಗೆ ಒಂದು ಸುತ್ತು ತಿರುಗಿಸಿ. ಶಾಫ್ಟ್ ಐದು ಸುತ್ತಿಗೆ ಸ್ವಲ್ಪ ಮೊದಲೇ ನಿಂತರೆ 4.88, ಐದನ್ನು ದಾಟಿ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ತಿರುಗಿದರೆ 5.38.