ಕಣಿಲೆ ನೆನೆಸಿದ ನೀರು ಕೋಳಿಗೆ ಟಾನಿಕ್ ಅಲ್ಲ

ಕಕ್ಕಡ (ಮಳೆಗಾಲದ ತಿಂಗಳು) ಬಂತೆಂದರೆ ನಮ್ಮ ಕೊಡಗಿನಲ್ಲಿ ಬೈಂಬಳೆ ಕರಿ (ಕಣಿಲೆ, ಅಂದರೆ ಎಳೆ ಬಿದಿರಿನ ಸಾರು), ಅಕ್ಕಿ ಒಟ್ಟಿಯ (ರೊಟ್ಟಿಯ) ಮಾತು. ಅದರ ಜೊತೆಗೇ ಈ ಸಲ ವಾಟ್ಸಾಪಿನಲ್ಲಿ ಒಂದು ಸಂದೇಶವೂ ಓಡಾಡುತ್ತಿದೆ: ‘ಕಣಿಲೆ ನೆನೆಸಿದ ನೀರು ಚೆಲ್ಲಬೇಡಿ, ಹಿತ್ತಲ ಕೋಳಿಗೆ ಕುಡಿಸಿ, ಮೊಟ್ಟೆ ಹೆಚ್ಚುತ್ತದೆ.’ ದಯವಿಟ್ಟು ಹಾಗೆ ಮಾಡಬೇಡಿ.

ಎಳೆ ಬಿದಿರಿನಲ್ಲಿ ಟ್ಯಾಕ್ಸಿಫಿಲಿನ್ ಎಂಬ ಅಂಶವಿದೆ. ಕಣಿಲೆ ಹೆಚ್ಚಿದಾಗ, ಜಜ್ಜಿದಾಗ ಅದು ಒಡೆದು ಹೈಡ್ರೋಜನ್ ಸಯನೈಡ್ ಹೊರಬರುತ್ತದೆ. ನಾವು ತೆಳ್ಳಗೆ ಹೆಚ್ಚಿ 2-3 ದಿನ ನೆನೆಸಿ, ದಿನಾ ನೀರು ಬದಲಿಸುವುದು ಈ ವಿಷ ನೀರಿಗೆ ಇಳಿಯಲಿ ಅಂತಲೇ. ಮೊದಲ ದಿನದ ನೀರು ಬಗ್ಗಿಸಿ ನೋಡಿ: ಹಳದಿಗಟ್ಟಿರುತ್ತದೆ, ಮೂಗಿಗೆ ಬಡಿಯುವ ವಾಸನೆ. ಅದನ್ನು ಜೀವವಿರುವ ಯಾವುದಕ್ಕೂ ಕೊಡಬಾರದು. ನಮ್ಮ ಹಿರಿಯರು ದನ, ಕೋಳಿ ಬಾಯಿ ಹಾಕದ ಕಡೆ ಚೆಲ್ಲುತ್ತಿದ್ದದ್ದು ಸುಮ್ಮನೆ ಅಲ್ಲ.

ನೆನೆಸಿದ ಮೇಲೂ ಪಾತ್ರೆಯ ಮುಚ್ಚಳ ತೆಗೆದು ಚೆನ್ನಾಗಿ ಬೇಯಿಸಿ, ಆ ನೀರನ್ನೂ ಬಸಿದುಬಿಡಿ. ಹೈಡ್ರೋಜನ್ ಸಯನೈಡ್ ಸುಮಾರು 26 ಡಿಗ್ರಿ ಸೆಲ್ಸಿಯಸ್‌ಗೇ ಆವಿಯಾಗುತ್ತದೆ, ಮುಚ್ಚಿಟ್ಟರೆ ಹೋಗುವುದೆಲ್ಲಿಗೆ?

ಅದೇ ಸಂದೇಶದಲ್ಲಿ ಹುಂಜ ಇಲ್ಲದಿದ್ದರೆ ಹೇಂಟೆ ಮೊಟ್ಟೆ ಇಡುವುದಿಲ್ಲ ಎಂದೂ ಇದೆ. ಇಡುತ್ತದೆ, ಮರಿಯಾಗುವುದಿಲ್ಲ ಅಷ್ಟೆ. ಮಳೆಗಾಲದಲ್ಲಿ ಕೋಳಿಗೆ ಬೇಕಾದದ್ದು ಒಣಗಿದ ಗೂಡು, ಬೂಸ್ಟು ಹಿಡಿಯದ ಕಾಳು, ಮೊಟ್ಟೆಯ ಚಿಪ್ಪಿಗೆ ಒಂದಿಷ್ಟು ಸುಣ್ಣದಂಶ. ಕಪ್ಪೆಚಿಪ್ಪಿನ ಪುಡಿ ಸಾಕು.